ನಂದಿದುರ್ಗದ ಗುಡ್ಡಕ್ಕೆ ಬಣ್ಣ: ಪ್ರತಿಕ್ರಿಯೆ

1791ರ ನಂದಿದುರ್ಗದ ಮುತ್ತಿಗೆಯನ್ನು ಮೇಜಿನ ಮೇಲಿನ ಯುದ್ಧದ ಆಟವಾಗಿ ಆಡೋಕೆ ಬಣ್ಣ ಹಚ್ಚಿದ ರೆಸಿನ್ ಗುಡ್ಡದ ಮಾದರಿ ತರಿಸಿದ್ದೀರಿ, ಅದು ಹಸಿರು ಹುಲ್ಲುಗಾವಲಿನ ಥರ ಇದೆ, ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸ್ಪ್ರೇ ಮಾಡಿದ ಮೇಲೆ ಬೆಳ್ಳಗಾಯ್ತು ಅಂತ ಕೇಳಿದ್ದೀರಿ.

ಮೊದಲು ಆ ಬಿಳುಪು. ಮಳೆಗಾಲದ ತೇವದಲ್ಲಿ ಹೊಡೆದರೆ ಹೀಗಾಗುತ್ತೆ, ಬಣ್ಣ ಕೆಟ್ಟಿಲ್ಲ. ಬ್ರಷ್‌ನಲ್ಲಿ ತೆಳುವಾಗಿ ಹೊಳಪಿನ (ಗ್ಲಾಸಿ) ವಾರ್ನಿಶ್ ಬಳಿಯಿರಿ, ಸಾಮಾನ್ಯವಾಗಿ ಬಿಳುಪು ಹೋಗುತ್ತೆ. ಒಂದು ದಿನ ಒಣಗಲಿ. ಆಮೇಲೆ ಬಿಸಿಲಿರುವ ಮಧ್ಯಾಹ್ನ ನೋಡಿ ಮ್ಯಾಟ್ ಹೊಡೆಯಿರಿ. ಆದರೆ ಈ ಕೊನೆಯ ಮ್ಯಾಟ್ ಬಣ್ಣದ ಕೆಲಸವೆಲ್ಲ ಮುಗಿದ ಮೇಲೇ.

ಚಿಕ್ಕಬಳ್ಳಾಪುರದಲ್ಲೇ ಇದ್ದೀರಲ್ಲ, ಬೆಟ್ಟದ ಬಂಡೆಯನ್ನೇ ಹತ್ತಿರದಿಂದ ನೋಡಿ: ಬರೀ ಬೂದಿ ಬಣ್ಣ ಅಲ್ಲ, ಮಳೆನೀರು ಹರಿದ ಕಡೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆಗಳಿರುತ್ತವೆ. ಒಂದು ಪಾಲು ಕಪ್ಪುಗಂದು ಅಕ್ರಿಲಿಕ್‌ಗೆ ಎಂಟು ಪಾಲು ನೀರು ಬೆರೆಸಿ, ನೆತ್ತಿಯಿಂದ ಹನಿ ಬಿಟ್ಟು ತಾನಾಗಿ ಇಳಿಯಲು ಬಿಡಿ. ಬಂಡೆ ಅನ್ನಿಸೋದೇ ಈ ಪಟ್ಟೆಯಿಂದ.

ಹಸಿರು ಹುಲ್ಲನ್ನು ಕೆರೆದು ತೆಗೆದು, ಕೆಮ್ಮಣ್ಣನ್ನು ಟೀ ಜರಡಿಯಲ್ಲಿ ಸೋಸಿ, ಹಳೇ ತವೆಯಲ್ಲಿ ಹತ್ತು ನಿಮಿಷ ಹುರಿಯಿರಿ, ತೇವ ಉಳಿದರೆ ಬೂಷ್ಟು ಬರುತ್ತೆ. ಫೆವಿಕಾಲ್‌ಗೆ ಸಮ ನೀರು ಬೆರೆಸಿ ಬಳಿದು ಮಣ್ಣು ಉದುರಿಸಿ. ಅಂಟಿದ ಮೇಲೆ ಮಣ್ಣು ಕಪ್ಪಾಗಬಹುದು, ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡುಗಳಿಗೆ ಮಾತ್ರ ನೀರು ಕಡಿಮೆ, ಇಲ್ಲದಿದ್ದರೆ ಸೊಟ್ಟಗಾಗುತ್ತವೆ.

ಇನ್ನು ಜೋಡಣೆ: ಹತ್ತಬಹುದಾದ ಇಳಿಜಾರು ಪಶ್ಚಿಮಕ್ಕೆ ಮಾತ್ರ ಇರಲಿ, ಅಲ್ಲೇ ಎರಡು ಸಾಲು ಕೋಟೆಗೋಡೆ. ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಗೋಡೆ ಒಡೆದು ನುಗ್ಗಿದ್ದು ಆ ಕಡೆಯಿಂದಲೇ.