ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಲೆಡ್ಲಿ ಕಿಂಗ್ ತಂಡದ ಜೊತೆ ಪ್ರಾಕ್ಟೀಸ್ ಮಾಡದೆಯೇ ಪಂದ್ಯ ಆಡುತ್ತಿದ್ದದ್ದು ಹೇಗೆ?

ಅವರ ಎಡ ಮಂಡಿಯಲ್ಲಿ ಮೂಳೆಗಳ ನಡುವೆ ಇರಬೇಕಾದ ಮೆತ್ತೆ, ಅದೇ ಕಾರ್ಟಿಲೇಜ್, ಸವೆದುಹೋಗಿತ್ತು. ಒಂದು ಪಂದ್ಯ ಆಡಿದರೆ ಸಾಕು, ಮಂಡಿ ಊದಿಕೊಳ್ಳುತ್ತಿತ್ತು. ಹಾಗಾಗಿ ವಾರವಿಡೀ ಈಜು, ಜಿಮ್ ಅಷ್ಟೇ, ತಂಡದ ಜೊತೆ ಓಡೋದು ತುಂಬಾ ಕಡಿಮೆ, ಆಮೇಲೆ ಪಂದ್ಯದ ದಿನ ನೇರವಾಗಿ ಮೈದಾನಕ್ಕೆ!

ಲಂಡನ್ನಿನಲ್ಲೇ ಹುಟ್ಟಿದವರು. 1999ರಿಂದ 2012ರವರೆಗೆ ಟಾಟನ್‌ಹ್ಯಾಮ್ ಬಿಟ್ಟು ಬೇರೆ ಕ್ಲಬ್‌ಗೆ ಆಡಲೇ ಇಲ್ಲ. 2008ರಲ್ಲಿ ಚೆಲ್ಸಿಯನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಗೆದ್ದಾಗ ನಾಯಕ ಇವರೇ. ಮಂಡಿ ಸರಿ ಇದ್ದಿದ್ದರೆ ಇಂಗ್ಲೆಂಡ್ ಪರ ಬರೀ 21 ಪಂದ್ಯಕ್ಕೆ ನಿಲ್ಲುತ್ತಿರಲಿಲ್ಲ, ಅಲ್ವಾ?

2006ರಲ್ಲಿ ಚೆಲ್ಸಿಯ ರಾಬೆನ್ ಗೋಲಿನತ್ತ ನುಗ್ಗುತ್ತಿದ್ದಾಗ ಇವರು ಹಿಂದಿನಿಂದ ಓಡಿಬಂದು, ಕಾಲು ಚಾಚಿ, ಫೌಲ್ ಆಗದಂತೆ ಚೆಂಡನ್ನಷ್ಟೇ ಕಿತ್ತುಕೊಂಡರು. ಅದನ್ನೊಮ್ಮೆ ನೋಡಿ.