ತಲಪಾಡಿ ದಾಟಿದರೆ ಒಂದು ಮಗು ಎರಡಾಗುತ್ತದೆ

"ಕಾನೂನು ದೇಶಕ್ಕೆಲ್ಲ ಒಂದೇ, ಮಕ್ಕಳ ಮೇಲಿನ ದೌರ್ಜನ್ಯದ ಫಾರಂ ತುಂಬಿಸೋಕೆ ಕಾಸರಗೋಡಿನ ನಿಮಗೇನು ಕಷ್ಟ?" ಅಂತ ಬೆಂಗಳೂರಲ್ಲಿ ಕೂತು ಕೇಳಿದೆಯಲ್ಲ ಮಾರಾಯ, ಕೇಳು.

ಕಾನೂನು ಒಂದೇ, ಒಪ್ಪಿದೆ. 2012ರ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ), 2015ರ ಬಾಲನ್ಯಾಯ ಕಾಯ್ದೆ ಕಾಸರಗೋಡಿಗೂ ಉಂಟು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದು, ಸಮಿತಿ ಮನೆಯ ಸ್ಥಿತಿಗತಿಯ ವರದಿ ತರಿಸುವುದು ಎಲ್ಲ ನಿಮ್ಮ ಹಾಗೆಯೇ. ನಮ್ಮ ಗೋಜಲು ಹೆಸರಿನದ್ದು.

ಮಂಜೇಶ್ವರದ ಮಗುವಿಗೆ ಪೆಟ್ಟಾದರೆ ಮನೆಯವರು ಓಡುವುದು ಮಂಗಳೂರಿಗೆ. ಅಲ್ಲಿನ ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಮಾಡಿ ಅಲ್ಲಿನ ಠಾಣೆಗೆ ತಿಳಿಸುತ್ತದೆ. ಕೃತ್ಯ ನಡೆದದ್ದು ಕೇರಳದಲ್ಲಿ, ಹಾಗಾಗಿ ಕಾಗದ ಗಡಿಯ ತಲಪಾಡಿ ದಾಟಿ ಬರಬೇಕು. ಶಾಲೆಯಲ್ಲಿ 'ಸೌಮ್ಯ ಕೆ.' ಎಂದಿದ್ದರೆ ಆ 'ಕೆ.' ಮನೆಯ ಹೆಸರು. ಆಸ್ಪತ್ರೆ ಚೀಟಿಯಲ್ಲಿ ಅಪ್ಪನ ಹೆಸರು ಸೇರಿ 'ಸೌಮ್ಯ ರಾಘವ'. ಇಂಗ್ಲಿಷಿನಲ್ಲಿ ಒಂದು ಕಡೆ ಎಸ್-ಒ-ಡಬ್ಲ್ಯು, ಇನ್ನೊಂದು ಕಡೆ ಎಸ್-ಒ-ಯು. ಕಂಪ್ಯೂಟರಿಗೆ ಇವರು ಇಬ್ಬರು. ಲೆಕ್ಕ ತಪ್ಪುವುದು ಹಾಗಿರಲಿ, ಇದೇ ಮಗು ಹಿಂದೊಮ್ಮೆ ಕೈ ಮುರಿದುಕೊಂಡು ಬಂದಿತ್ತು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ವಯಸ್ಸೂ ಹಾಗೆಯೇ. ಆಸ್ಪತ್ರೆ ಅಮ್ಮ ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಕೇಳುವುದು ಮೊದಲು ಶಾಲೆಯ ದಾಖಲೆ, ಇಲ್ಲವಾದರೆ ಪಂಚಾಯತಿನ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಯಾವುದನ್ನು ನೋಡಿ ಬರೆದದ್ದು ಎಂದು ಪಕ್ಕದಲ್ಲಿ ನಮೂದಿಸದಿದ್ದರೆ ಕೋರ್ಟಿನಲ್ಲಿ ವಕೀಲರಿಗೆ ಹಬ್ಬ.

ಇದಕ್ಕೆ ಮದ್ದು ದೊಡ್ಡದೇನಲ್ಲ. ಹೆಸರನ್ನು ಶಾಲೆಯ ದಾಖಲಾತಿ ಪುಸ್ತಕದಿಂದ ಅಕ್ಷರ ಬಿಡದೆ ಇಳಿಸಿಕೊಳ್ಳಬೇಕು. ಮನೆಹೆಸರು ಪೂರ್ತಿ, ಅಪ್ಪ ಅಮ್ಮ ಇಬ್ಬರದ್ದೂ ಬೇಕು. ಎಫ್‌ಐಆರ್‌ನಲ್ಲಿ ಎಂಎಲ್‌ಸಿ ನಂಬರ್, ಸಮಿತಿಯ ಕಡತದಲ್ಲಿ ಎಫ್‌ಐಆರ್, ಎಂಎಲ್‌ಸಿ ಎರಡರ ನಂಬರೂ ಇರಬೇಕು. 'ನಿರ್ಲಕ್ಷ್ಯ' ಎಂದು ಒಂದೇ ಪದ ಗೀಚಿ ಮುಗಿಸಬಾರದು: ಎಷ್ಟು ದಿನ ಶಾಲೆಗೆ ಬಂದಿಲ್ಲ, ರಾತ್ರಿ ಮನೆಯಲ್ಲಿ ಯಾರಿದ್ದರು, ಕೊನೆಗೆ ಉಂಡದ್ದು ಯಾವಾಗ, ಗಾಯ ಎಲ್ಲಿ, ಎಷ್ಟು ಉದ್ದ.

ಇನ್ನು ಹೇಳಿಕೆ. ಮಗು ಹೇಳುವುದು ತುಳುವಿನಲ್ಲಿ, ಕಡತ ಮಲಯಾಳದಲ್ಲಿ. ಮಗು ಆಡಿದ ಮಾತನ್ನೇ ಬರೆಯಬೇಕು, ಬೇಕಾದರೆ ದುಭಾಷಿಯನ್ನು ಕರೆಸಬೇಕು ಎಂದು ಪೋಕ್ಸೋದ 26ನೇ ಸೆಕ್ಷನ್ನೇ ಹೇಳುತ್ತದೆ. ಆದರೂ ದುಭಾಷಿ ಕೇಳಿದರೆ "ಇಲ್ಲಿ ಎಲ್ಲರಿಗೂ ಮಲಯಾಳ ಬರುತ್ತದಲ್ಲ" ಎಂಬ ಉತ್ತರ. ದೊಡ್ಡವರಿಗೆ ಬರುತ್ತದೆ. ಐದು ವರ್ಷದ ಮಗುವಿಗೆ ಬರುವುದು ಮನೆಮಾತು. 1956ರಿಂದ ನಾವು ಕೇರಳದವರೇ, ಅದಕ್ಕೆ ತಕರಾರಿಲ್ಲ. ತುಳು ಬಲ್ಲ ಒಬ್ಬರನ್ನು ಕೂರಿಸಿ ಅಂತಷ್ಟೇ ಕೇಳುವುದು. ಅದೂ ಆ ಮಗುವಿನ ನೆರೆಕರೆಯವರನ್ನಲ್ಲ.