ಹಂಚಿನ ಮಾಡು (ಛಾವಣಿ) ಚಿತ್ರದಲ್ಲಿ ಸರಿ ಬರುವುದಿಲ್ಲ, ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾ ಬಿಟ್ಟು ಕ್ಲಿಪ್ ಸ್ಟುಡಿಯೋದ ಥ್ರೀ-ಪಾಯಿಂಟ್ ರೂಲರ್ ತಗೊಳ್ಳಲಾ?

ಬೇಡ ಮಾರಾಯ್ರೇ. ಸಾಫ್ಟ್‌ವೇರ್ ಬದಲಿಸಿದರೆ ಮಾಡು ನೆಟ್ಟಗಾಗುವುದಿಲ್ಲ. ಇದೇ ಮಾಡಿನಿಂದಾಗಿ ನನಗೆ ಒಂದು ಒಳ್ಳೆಯ ಕೆಲಸ ತಪ್ಪಿಹೋಗಿದೆ.

ಉಡುಪಿ ಕಡೆಯ ಒಂದು ಗುತ್ತಿನ ಮನೆಯವರು (ಹಳೇ ಜಮೀನ್ದಾರ ಮನೆತನ) ತಮ್ಮ ಹಳೇ ಮನೆಯ ದೊಡ್ಡ ಚಿತ್ರ ಬೇಕು ಎಂದಿದ್ದರು. ಕ್ರಿಟಾದಲ್ಲಿ ದಿಗಂತದ ಗೆರೆಯ (ಕಣ್ಣಿನ ಮಟ್ಟ) ಮೇಲೆ ಎಡಕ್ಕೊಂದು ಬಲಕ್ಕೊಂದು ವ್ಯಾನಿಶಿಂಗ್ ಪಾಯಿಂಟ್ (ದೂರ ಹೋಗುವ ಸಮಾನಾಂತರ ಗೆರೆಗಳು ಕೂಡುವ ಬಿಂದು) ಇಟ್ಟು, ಗೆರೆಯನ್ನು ಆ ಬಿಂದುಗಳ ದಿಕ್ಕಿಗೇ ಹಿಡಿಯುವ ‘ಸ್ನ್ಯಾಪ್ ಟು ಅಸಿಸ್ಟೆಂಟ್ಸ್’ ಆನ್ ಮಾಡಿ ಗೋಡೆ, ಜಗಲಿ, ಕಿಟಕಿ ಎಳೆದೆ. ಎಲ್ಲ ಚೊಕ್ಕ ಬಂತು. ಅದೇ ಧೈರ್ಯದಲ್ಲಿ ಸ್ನ್ಯಾಪ್ ಆಫ್ ಮಾಡದೆ ಮಾಡಿಗೂ ಕೈಹಾಕಿದೆ. ಹಂಚಿನ ಬಣ್ಣವೆಲ್ಲ ಮುಗಿಸಿ ತೋರಿಸಿದಾಗ ಮನೆಯ ಹಿರಿಯರು, “ಈ ಮಾಡಿನಲ್ಲಿ ನೀರು ನಿಲ್ತದೆ” ಎಂದರು. ಕೆಲಸ ಬೇರೆಯವರಿಗೆ ಹೋಯಿತು.

ಅವರು ಹೇಳಿದ್ದು ಸರಿ. ದಿಗಂತದ ಮೇಲಿನ ಬಿಂದುಗಳು ನೆಲಕ್ಕೆ ಸಮಾನಾಂತರವಾದ ಗೆರೆಗಳಿಗೆ ಮಾತ್ರ. ಪಕಾಸಿ (ಹಂಚು ಹೊರುವ ಓರೆ ಮರ) ಓರೆಯಾಗಿ ಮೇಲೇರುತ್ತದೆ. ಅದನ್ನೂ ನಾನು ಬಲಬದಿಯ ಬಿಂದುವಿಗೇ ಕಟ್ಟಿಹಾಕಿದೆ. ಇಳಿಜಾರು ಸತ್ತು ಮಾಡು ತಾರಸಿಯಾಯಿತು. ಸ್ನ್ಯಾಪ್‌ಗೆ ಮಾಡು ಯಾವುದು, ಜಗಲಿ ಯಾವುದು ಗೊತ್ತಿಲ್ಲ. ಹತ್ತಿರ ಕಂಡ ದಿಕ್ಕಿಗೆ ಗೆರೆ ಎಳೆದುಬಿಡುತ್ತದೆ. ಇಂದಿಗೂ ನಾನು ಮಾಡು ಬರೆಯುವ ಮೊದಲು ಅದನ್ನು ಆಫ್ ಮಾಡುತ್ತೇನೆ.

ಥ್ರೀ-ಪಾಯಿಂಟ್‌ನ ಮೂರನೇ ಬಿಂದು ಇರುವುದು ಕತ್ತೆತ್ತಿ ಅಥವಾ ತಗ್ಗಿಸಿ ನೋಡುವಾಗ ಕಂಬ, ಗೋಡೆಗಳ ನೇರ ಗೆರೆ ಕೂಡುವುದಕ್ಕೆ. ಅದನ್ನು ಹಾಕಿದರೆ ನಿಮ್ಮ ಗೋಡೆಯೂ ವಾಲುತ್ತದೆ, ಮಾಡು ಹಾಗೇ ಉಳಿಯುತ್ತದೆ.

ಎರಡು ಇಳಿಜಾರಿನ ಮಾಡಾದರೆ ಹೀಗೆ ಮಾಡಿ. ತ್ರಿಕೋನ ಕಾಣುವ ಬದಿಯ ಗೋಡೆಯಲ್ಲಿ, ಮಾಡಿನ ಕೆಳಗಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿ. ಅವು ಕತ್ತರಿಸಿದಲ್ಲಿಂದ ನೇರ ಮೇಲೆ ಹೋಗಿ ಮೋಂಟಿನ (ಮಾಡಿನ ತುದಿಯ ಏಣು) ಎತ್ತರ ಗುರುತಿಸಿ. ಚೌಕದ ಮುಂದಿನ ಮೇಲಿನ ಮೂಲೆಯಿಂದ ಆ ಗುರುತಿಗೆ ಗೆರೆ ಎಳೆದು ಉದ್ದ ಬಿಡಿ. ಬದಿಗೋಡೆಯ ವ್ಯಾನಿಶಿಂಗ್ ಪಾಯಿಂಟ್‌ನ ನೇರ ಮೇಲೆ ಅದು ಎಲ್ಲಿ ಮುಟ್ಟುತ್ತದೋ ಅಲ್ಲಿ ಮುಂದಿನ ಇಳಿಜಾರಿನ ಪಕಾಸಿಗಳಿಗೆ ಹೊಸ ವ್ಯಾನಿಶಿಂಗ್ ಪಾಯಿಂಟ್ ಅಸಿಸ್ಟೆಂಟ್ ಇಡಿ. ಕ್ಯಾನ್ವಾಸಿನ ಹೊರಗೆ ಹೋದರೂ ಪರವಾಗಿಲ್ಲ, ಝೂಮ್ ಔಟ್ ಮಾಡಿ ಇಡಬಹುದು. ಹಿಂದಿನ ಇಳಿಜಾರಿಗೆ ದಿಗಂತದಿಂದ ಅಷ್ಟೇ ದೂರ ಕೆಳಗೆ ಇನ್ನೊಂದು. ಹಂಚಿನ ಅಡ್ಡಸಾಲುಗಳು ಮಾತ್ರ ಮೋಂಟಿನಂತೆ ದಿಗಂತದ ಇನ್ನೊಂದು ಬಿಂದುವಿಗೇ ಹೋಗಬೇಕು.

ಇಷ್ಟನ್ನು ಎಷ್ಟೋ ಟ್ಯುಟೋರಿಯಲ್‌ನವರು ಹೇಳುವುದಿಲ್ಲ, ಅವರು ಹೆಚ್ಚಾಗಿ ಬರೆಯುವುದು ಪೆಟ್ಟಿಗೆಯಂಥ ಕಟ್ಟಡ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹಾಗಾಗಿ ಈ ಕರಾವಳಿಯಲ್ಲಿ ನಮಗೆ ಈಗಲೂ ಬರೆಯಲು ಹೆಚ್ಚಾಗಿ ಸಿಗುವುದು ಓರೆ ಹಂಚಿನ ಮಾಡುಗಳೇ. ರಸ್ತೆಯೂ ಹಾಗೇ. ಮಂಗಳೂರಿನ ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವ ರಸ್ತೆ ಬರೆಯುವುದಾದರೆ ರಸ್ತೆಯ ಅಂಚುಗಳ ಬಿಂದುವನ್ನು ದಿಗಂತದ ಬಿಂದುವಿನ ನೇರ ಕೆಳಗೆ ಇಡಿ, ಅಂಗಡಿಗಳ ಕಿಟಕಿಸಾಲನ್ನು ದಿಗಂತಕ್ಕೇ ಬಿಡಿ.